ಟ್ರೇ ತಿರುಗಿಸಿದ ದಿನ

ನಮ್ಮ ಅತ್ತಿಗೆಗೆ ಅವಳು ಕೆಲಸ ಮಾಡುವ ಹಸುಗಳ ಫಾರಂನಲ್ಲಿ ಇಟ್ಟಿರುವ ಹೆಸರು ಸೊಳ್ಳೆ. ಅವಳು ಸೂಜಿ ಚುಚ್ಚಿ ಪಕ್ಕಕ್ಕೆ ಸರಿದ ಮೇಲೆಯೇ ಹಸುವಿಗೆ ಗೊತ್ತಾಗುವುದು ಎಂಬ ಕಾರಣಕ್ಕೆ. ಮೊದಲು ಹಸುವಿನ ತೊಡೆಯ ಮೇಲೆ ಮುಷ್ಟಿಯಿಂದ ಮೆಲ್ಲಗೆ ಎರಡು ಗುದ್ದು. ಮೂರನೆಯದೂ ಗುದ್ದೇ ಎಂದು ಹಸು ಅಂದುಕೊಳ್ಳುವಷ್ಟರಲ್ಲಿ ಸೂಜಿ ಒಳಗಿರುತ್ತದೆ. ಆಮೇಲೆ ಸೂಜಿಗೆ ಸಿರಿಂಜು ಸೇರಿಸಿ ಮದ್ದು ಒತ್ತುವುದು. ಹಾಲು ಕರೆಯುವವರು ಅವಳನ್ನು ಕಂಡ ಕೂಡಲೇ "ಸೊಳ್ಳೆ ಬಂತು, ಪರದೆ ಕಟ್ಟಿ" ಎಂದು ಹಸುಗಳಿಗೆ ಹೇಳುತ್ತಾರೆ.

ಅವಳು ಸೊಸೆಯಾಗಿ ನಮ್ಮ ಮನೆಗೆ ಬರುವ ಮೊದಲೇ ಆ ಕೆಲಸದಲ್ಲಿದ್ದಳು. ಅಮ್ಮನಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. "ಮನುಷ್ಯರಿಗೆ ಚುಚ್ಚೋ ನರ್ಸಾದ್ರೂ ಆಗಿದ್ರೆ ನಾಲ್ಕು ಜನರ ಮುಂದೆ ಹೇಳ್ಕೊಳ್ಳೋಕೆ ಚೆನ್ನಾಗಿರ್ತಿತ್ತು" ಎಂದು ಒಮ್ಮೆ ಅಂದಿದ್ದಳು. ಅತ್ತಿಗೆ ಪಾತ್ರೆ ಉಜ್ಜುತ್ತಲೇ, "ಮನುಷ್ಯರು ಚುಚ್ಚಿಸ್ಕೊಂಡು ವರ್ಷಗಟ್ಟಲೆ ಬೈತಾರೆ ಅತ್ತೆ. ಹಸು ಒಂದ್ಸಲ ಒದ್ದು ಮರ್ತುಬಿಡುತ್ತೆ" ಎಂದಳು. ಅಂದಿನಿಂದ ಅಮ್ಮನಿಗೆ ಅವಳ ಬಾಯಿ ಕಂಡರೆ ಸ್ವಲ್ಪ ಭಯ, ಬಹಳ ಪ್ರೀತಿ.

ಆ ಫಾರಂನ ಕೆಲಸ ಸಾಮಾನ್ಯ ಹಾಲಿನ ಡೈರಿಯದಲ್ಲ. ಎಂಥ ಒಳ್ಳೆಯ ತಳಿಯ ಹಸುವಾದರೂ ಒಂದು ಬೆದೆಗೆ ಬಲಿಯುವುದು ಒಂದೇ ಅಂಡ, ವರ್ಷಕ್ಕೆ ಹಾಕುವುದು ಒಂದೇ ಕರು. ಇಲ್ಲಿ ಆಯ್ದ ಹಸುವಿಗೆ ಒಂದು ಹಾರ್ಮೋನನ್ನು ಬೆಳಿಗ್ಗೆ ಸಂಜೆ, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಕೊಡುತ್ತಾರೆ. ಆಗ ಒಂದರ ಜಾಗದಲ್ಲಿ ಹತ್ತು, ಕೆಲವೊಮ್ಮೆ ಹದಿನೈದು ಅಂಡಗಳು ಒಟ್ಟಿಗೆ ಬಲಿಯುತ್ತವೆ. ಒಳ್ಳೆಯ ಹೋರಿಯ ವೀರ್ಯ ಕೊಟ್ಟು, ವಾರದ ಮೇಲೆ ಭ್ರೂಣಗಳನ್ನು ತೊಳೆದು ಹೊರತೆಗೆದು, ಒಂದೊಂದನ್ನು ಒಂದೊಂದು ಸಾಧಾರಣ ಹಸುವಿನ ಗರ್ಭದಲ್ಲಿಡುತ್ತಾರೆ. ತಾಯಿ ಒಬ್ಬಳು, ಹೆರುವವರು ಹಲವರು.

ಈ ಸರಣಿಯ ನಡುವೆ ಎರಡನೆಯ ಮದ್ದೊಂದು ಬರುತ್ತದೆ. ಫಾರಂನವರು ಅದನ್ನು ಬೆದೆ ಮದ್ದು ಎನ್ನುತ್ತಾರೆ. ಅಂಡಾಶಯದ ಮೇಲೆ ಗರ್ಭವನ್ನು ಕಾಯುವ ಹಳದಿ ಗಂಟೊಂದು ಇರುತ್ತದೆ. ಅದನ್ನು ಕರಗಿಸಿ ಹಸುವನ್ನು ಬೆದೆಗೆ ತರುವುದು ಇದರ ಕೆಲಸ. ಬರಿದಾದ ಹಸುವಿಗೆ ಕೊಟ್ಟರೆ ಬೆದೆ ಬರುತ್ತದೆ. ಗಬ್ಬದ ಹಸುವಿಗೆ ಕೊಟ್ಟರೆ ಗಬ್ಬ ಹೋಗುತ್ತದೆ. ಮನುಷ್ಯರ ಚರ್ಮದ ಮೇಲೆ ಬಿದ್ದರೂ ಒಳಗಿಳಿಯುತ್ತದೆ. ಹಾಗಾಗಿ ಔಷಧದ ಕೋಣೆಯ ಬಾಗಿಲಿಗೆ ಕೆಂಪಕ್ಷರದ ಹಾಳೆಯೊಂದನ್ನು ಅಂಟಿಸಿದ್ದರು: ಬಸುರಿಯರು, ದಮ್ಮಿನ ಕಾಯಿಲೆ ಇರುವವರು ಈ ಮದ್ದನ್ನು ಮುಟ್ಟಬಾರದು, ಉಳಿದವರು ಗ್ಲೌಸ್ ಹಾಕಿಕೊಳ್ಳಬೇಕು.

ಅತ್ತಿಗೆ ಆ ಹಾಳೆಯ ಮುಂದೆ ದಿನವೂ ಓಡಾಡುತ್ತಿದ್ದಳು, ಮೂರು ತಿಂಗಳ ಬಸುರಿಯಾಗಿ. ಅದು ಅಣ್ಣನೊಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೇಳದಿರಲು ಕಾರಣವಿತ್ತು. ಮೊದಲೆರಡು ಸಲವೂ ನಿಂತ ಗರ್ಭ ಜಾರಿ ಹೋಗಿತ್ತು. ಎರಡು ಸಲವೂ ಅದು ನಿಂತ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು, ಹೋದ ಸುದ್ದಿ ಅದಕ್ಕಿಂತ ಬೇಗ ಗೊತ್ತಾಯಿತು. ಬಂದವರೆಲ್ಲ ಅವಳ ಕೈ ಹಿಡಿದುಕೊಂಡು "ಪಾಪ" ಅಂದರು. ಭಾರ ಎತ್ತಿದ್ದಳಾ, ಹಸು ಒದ್ದಿತ್ತಾ, ಬಸ್ಸಿನಲ್ಲಿ ಕುಲುಕಾಟವಾಯಿತಾ ಎಂದು ಕೇಳಿದರು. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸುತ್ತ ಕುಳಿತಿದ್ದು ನನಗೆ ನೆನಪಿದೆ. ಆದ್ದರಿಂದ ಮೂರನೆಯ ಸಲ ಗಂಡ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡರು. ಹೊಟ್ಟೆ ತಾನಾಗಿ ಕಾಣುವವರೆಗೂ ಯಾರಿಗೂ ಬೇಡ. ಒಂದೇ ಸೂರಿನಡಿ ಇದ್ದ ನನಗೂ ಅಮ್ಮನಿಗೂ ಸುಳಿವು ಸಿಗಲಿಲ್ಲ. ವಾಂತಿ ಬಂದಾಗ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದಳಂತೆ.

ಫಾರಂನಲ್ಲಿ ಹೇಳಿದರೆ ಔಷಧದ ಕೆಲಸದಿಂದ ಬಿಡಿಸಿ ಕರುಗಳ ಮನೆಗೆ ಹಾಕುತ್ತಿದ್ದರು. ಯಾಕೆ ಎಂದು ಹತ್ತು ಬಾಯಿ ಕೇಳುತ್ತಿದ್ದವು. ಅದರ ಬದಲು ಅವಳು ತನ್ನದೇ ಉಪಾಯ ಕಂಡುಕೊಂಡಳು.

ಬೆದೆ ಮದ್ದಿನ ದಿನ ಹಸುವಿಗೆ ಎರಡು ಇಂಜೆಕ್ಷನ್ ಕೊಡಬೇಕು. ಒಂದಾದ ಮೇಲೊಂದು ಚುಚ್ಚಿದರೆ ಹಸು ಎರಡು ಸಲ ಬೆದರುತ್ತದೆ. ಬೆದರಿದ ಹಸು ಅಂಡ ಕಡಿಮೆ ಕೊಡುತ್ತದೆ ಎಂದು ಫಾರಂನ ದನದ ಡಾಕ್ಟರಮ್ಮನ ಲೆಕ್ಕ. ಅದಕ್ಕೇ ಇಬ್ಬರು ಎರಡು ಪಕ್ಕ ನಿಂತು ಒಟ್ಟಿಗೇ ಚುಚ್ಚುತ್ತಿದ್ದರು. ಬಾಗಿಲ ಕಡೆ ಅತ್ತಿಗೆ, ಕಿಟಕಿ ಕಡೆ ಹಗ್ಗದ ಮಾವ. ಹಗ್ಗದ ಮಾವ ಎಂದರೆ ಕೊಟ್ಟಿಗೆಯ ಹಳೆಯ ಆಳು. ಎಂಥ ಪೊಗರಿನ ಹಸುವನ್ನೂ ಒಂದು ಸುತ್ತು ಹಗ್ಗದಲ್ಲಿ ನಿಲ್ಲಿಸುತ್ತಿದ್ದ. ಅವನ ಕೈಯಲ್ಲಿ ಗ್ಲೌಸನ್ನು ಯಾರೂ ನೋಡಿದವರಿಲ್ಲ. ಡಾಕ್ಟರಮ್ಮ ಎರಡು ಸಿರಿಂಜು ತುಂಬಿ, ಸ್ಟೀಲ್ ಟ್ರೇಯ ಎರಡು ತುದಿಗೊಂದೊಂದು ಇರಿಸಿ, ಅದನ್ನು ಕೊಟ್ಟಿಗೆಯ ಮೋಟುಗೋಡೆಯ ಮೇಲಿಟ್ಟು, "ಬೆದೆ ಮದ್ದು ಬಾಗಿಲ ಕಡೆ" ಅಥವಾ "ಕಿಟಕಿ ಕಡೆ" ಎಂದು ಕೂಗಿ ಮುಂದಿನ ಕೊಟ್ಟಿಗೆಗೆ ಹೋಗುತ್ತಿದ್ದರು. ಒಂದು ಸಲ ಅವನ ಸರದಿ, ಒಂದು ಸಲ ಇವಳದು. ಎರಡೂ ಮದ್ದು ನೀರಿನಂತೆ ತಿಳಿ, ಎರಡೂ ಸಿರಿಂಜು ಒಂದೇ ಗಾತ್ರ.

ತನ್ನ ಸರದಿ ಬಂದ ದಿನ ಅತ್ತಿಗೆ ಹೋಗುತ್ತ ಬರುತ್ತ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿಬಿಡುತ್ತಿದ್ದಳು. ಬೆದೆ ಮದ್ದು ಮಾವನ ಕಡೆ ಹೋಗುತ್ತಿತ್ತು. ಹೇಗೂ ಎರಡೂ ಸೇರುವುದು ಅದೇ ಹಸುವಿನ ಮೈಗೆ. ಯಾರು ಚುಚ್ಚಿದರೇನು?

ಅವತ್ತು ಮಹಾರಾಣಿ ಎಂಬ ದೊಡ್ಡ ಕಪ್ಪು ಬಿಳುಪು ಹಸುವಿನ ಸರದಿ. ಡಾಕ್ಟರಮ್ಮ "ಬಾಗಿಲ ಕಡೆ" ಎಂದು ಕೂಗಿ ಹೋದರು. ಅತ್ತಿಗೆ ಟ್ರೇ ತಿರುಗಿಸಿ, ಮಹಾರಾಣಿಯನ್ನು ಕರೆತರಲು ಹೋದಳು. ತಂದು ನಿಲ್ಲಿಸಿ, ತನ್ನ ಕಡೆಯ ಸಿರಿಂಜು ಎತ್ತಿಕೊಂಡಳು. ಗ್ಲೌಸ್ ಹಾಕಲಿಲ್ಲ, ಈ ಮದ್ದಿಗೆ ಬೇಕಿರಲಿಲ್ಲ. ಎರಡು ಗುದ್ದು, ಸೂಜಿ, ಸಿರಿಂಜು. ಅಷ್ಟರಲ್ಲಿ ಮಹಾರಾಣಿ ಮಗ್ಗುಲು ಬದಲಿಸಿತು. ಸಿರಿಂಜು ಸೂಜಿಯಿಂದ ಕಳಚಿ, ಉಳಿದ ಮದ್ದು ಅವಳ ಮುಂಗೈ ಮೇಲೆ ಚಿಮ್ಮಿತು. ಹಿಂದಿನ ದಿನ ಬೇಲಿಯ ತಂತಿ ಗೀರಿದ ಗಾಯ ಅಲ್ಲಿ ಇನ್ನೂ ಹಸಿಯಾಗಿತ್ತು. ಚುರ್ ಎಂದಿತು. ಅವಳು ಇನ್ನೊಂದು ಅಂಗೈಯಿಂದ ಉಜ್ಜಿಕೊಂಡಳು.

"ಏಯ್! ಉಜ್ಜಬೇಡ! ನಲ್ಲಿ ಹತ್ರ ಓಡು!" ಮಾವ ಹಸುವಿನ ಆಚೆಯಿಂದ ಕಿರುಚಿದ.

"ಯಾಕ್ ಮಾವ, ಊರು ಮುಳುಗಿದವರ ಹಾಗೆ? ದಿನಾ ಕೊಡೋ ಮದ್ದು ತಾನೆ."

"ಎಲ್ಲಿ ದಿನಾ ಕೊಡೋದು! ಬೆದೆ ಮದ್ದು ಅದು. ತೊಳ್ಕೊ ಮೊದ್ಲು."

"ಬೆದೆ ಮದ್ದು ನಿಮ್ಮ ಕೈಲಿರೋದು."

"ನೀನು ಟ್ರೇ ತಿರುಗಿಸಿದ್ದನ್ನ ನೋಡ್ದೆ ಕಣಮ್ಮ. ನಿನ್ನ ಸರದೀನ ನನ್ನ ತಲೆಗೆ ಕಟ್ತಿದ್ದೀಯ ಅಂತ, ವಾಪಸ್ ತಿರುಗಿಸಿಟ್ಟೆ."

ಅತ್ತಿಗೆ ಓಡಿದಳು. ಸೋಪು, ನೀರು, ಮತ್ತೆ ಸೋಪು. ಗೀರಿನಿಂದ ರಕ್ತ ಒಸರುವವರೆಗೂ ಉಜ್ಜಿದಳು. ಮಾವ ಹಿಂದೆಯೇ ಬಂದು ನಿಂತ.

"ಚರ್ಮ ಕಿತ್ಕೊಂಡು ಬರುತ್ತೆ, ಸಾಕು. ಏನೂ ಆಗಲ್ಲ ಬಿಡು. ಬಸುರಿಯರು ಮುಟ್ಟಿದ್ರೆ ಮಾತ್ರ ಅದು…"

ಅತ್ತಿಗೆ ತಲೆ ಎತ್ತದೆ ಉಜ್ಜುತ್ತಲೇ ಇದ್ದಳು. ಮಾವ ಪಕ್ಕದಲ್ಲಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕುಳಿತ.

"ಎಷ್ಟು ತಿಂಗ್ಳು?"

"ಮೂರು."

"ಅಯ್ಯೋ ನನ್ನ ಕರ್ಮವೇ. ಒಂದು ಮಾತು ಹೇಳಬಾರದಿತ್ತಾ ತಾಯಿ?"

"ನೀವು ಹೇಳಿದ್ರಾ? ವಾಪಸ್ ತಿರುಗಿಸುವಾಗ ಬಾಯಿಗೆ ಏನು ಹುಲ್ಲು ತುಂಬ್ಕೊಂಡಿದ್ರಾ?"

ಆಗ ಅವನ ಉಸಿರಿನ ಸದ್ದು ಅವಳಿಗೆ ಕೇಳಿಸಿತು. ಒಳಗೆ ಯಾರೋ ಸೀಟಿ ಊದುತ್ತಿದ್ದ ಹಾಗೆ. ಒಂದೆರಡು ತಿಂಗಳಿಂದ ಅವನಿಗೆ ದಮ್ಮು ಹತ್ತಿತ್ತು. ಹೊಟ್ಟಿನ ಧೂಳು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಹಿಂದಿನ ಸಲ ಇವಳು ದಾಟಿಸಿದ ಬೆದೆ ಮದ್ದನ್ನು ಬರಿಗೈಯಲ್ಲಿ ಕೊಟ್ಟ ದಿನ ಎದೆ ಹಿಡಿದುಕೊಂಡು ಹುಲ್ಲಿನ ಮೆದೆಯ ಹಿಂದೆ ಕುಳಿತಿದ್ದನಂತೆ. "ಹೇಳಿದ್ರೆ ಮನೆಗೆ ಕಳಿಸ್ತಾರೆ. ಮನೇಲಿ ಕೂತು ಏನ್ ಮಾಡ್ಲಿ? ಮಂಚದ ಕಾಲಿಗೆ ಹಗ್ಗ ಕಟ್ಲಾ?"

ಅತ್ತಿಗೆ ಅವನಿಂದ ಮಾತು ತೆಗೆದುಕೊಂಡಳು: ಯಾರಿಗೂ ಹೇಳಬಾರದು, ಡಾಕ್ಟರಮ್ಮನಿಗಂತೂ ಬೇಡವೇ ಬೇಡ.

ಉಳಿದ ಹಸುಗಳ ಕೆಲಸವನ್ನೂ ಅವಳು ಮುಗಿಸಿಯೇ ಬಂದಳು. ಹೇಗೆ ಮುಗಿಸಿದಳೋ. ಅವಳ ತಲೆಯಲ್ಲಿ ಇದ್ದದ್ದು ಒಂದು ಕಂದು ಹಸು. ಹಿಂದೊಮ್ಮೆ ಪರೀಕ್ಷೆಯಲ್ಲಿ ಬರಿದು ಎಂದು ತಪ್ಪಾಗಿ ಎಣಿಸಿ, ಅದಕ್ಕೆ ಬೆದೆ ಮದ್ದು ಕೊಡಿಸಿದ್ದರು. ಕೊಟ್ಟವಳು ಅತ್ತಿಗೆಯೇ. ಅವತ್ತು ಅದು ಆರಾಮವಾಗಿ ಮೆಲುಕು ಹಾಕಿತು. ಮರುದಿನವೂ ಮೇವಿಗೆ ಬಾಯಿ ಹಾಕಿತು. ಅದರ ಮಾರನೆಯ ಬೆಳಿಗ್ಗೆ ಅದು ನಿಂತ ಜಾಗದಲ್ಲಿ ಅಂಗೈಯಷ್ಟು ದೊಡ್ಡದೊಂದು ಚೀಲ ಬಿದ್ದಿತ್ತು. ಒಳಗೆ ನಾಲ್ಕು ಕಾಲೂ ಮೂಡಿದ್ದವು. ಹಸು ಅದನ್ನು ಮೂಸಿ, ನೆಕ್ಕಿ, ಅದರ ಪಕ್ಕದಲ್ಲೇ ನಿಂತಿತ್ತು. ಆದ್ದರಿಂದ, ಈಗ ನೋವಿಲ್ಲ ಎಂಬುದರಿಂದ ಅತ್ತಿಗೆಗೆ ಯಾವ ಧೈರ್ಯವೂ ಬರಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ನಾನು ಪರೀಕ್ಷೆಗೆ ಓದುತ್ತ ಹೊಸ್ತಿಲ ಬಳಿ ಕುಳಿತಿದ್ದೆ. ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದಳು, ಬೇರೆ ಯಾರದೋ ಕೈಯನ್ನು ಹೊತ್ತು ತಂದವಳ ಹಾಗೆ. ಸೀದಾ ಬಚ್ಚಲಿಗೆ ಹೋಗಿ ತೊಳೆಯತೊಡಗಿದಳು. ಹೊರಬಂದಳು, ಮತ್ತೆ ಹೋಗಿ ತೊಳೆದಳು. ಅಮ್ಮ ಅಡುಗೆಮನೆಯಿಂದ, "ಏನಮ್ಮಾ, ಆ ನೀರಿನ ಟ್ಯಾಂಕು ನಿಮ್ಮಪ್ಪ ಕಟ್ಟಿಸಿಕೊಟ್ಟಿದ್ದಾ?" ಎಂದಳು. ಬೇರೆ ದಿನವಾಗಿದ್ದರೆ ಅಪ್ಪನ ಮೇಲೆ ಬಂದ ಮಾತಿಗೆ ಅತ್ತಿಗೆ ಬಡ್ಡಿ ಸೇರಿಸಿ ಕೊಡುತ್ತಿದ್ದಳು. ಅವತ್ತು ನಲ್ಲಿ ನಿಲ್ಲಿಸಿ, ಸುಮ್ಮನೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ನನಗೆ ಮೊದಲ ಸಲ ಹೆದರಿಕೆಯಾದದ್ದು ಆಗ.

ಅಣ್ಣ ಶಾಲೆಯ ವ್ಯಾನು ಓಡಿಸುತ್ತಾನೆ. ಮಕ್ಕಳನ್ನೆಲ್ಲ ಇಳಿಸಿ ಅವನು ಬಂದ. ಕೋಣೆಯ ಬಾಗಿಲು ಮುಚ್ಚಿತು. ಅವನ ಧ್ವನಿ ಏರುವುದು, ಅವಳು "ಬೇಡ, ಬೇಡ, ಎಲ್ಲರಿಗೂ ಗೊತ್ತಾಗುತ್ತೆ" ಎನ್ನುವುದು ಕೇಳಿಸಿತು. ಏನು ಗೊತ್ತಾಗುತ್ತದೆ ಎಂದು ಅಮ್ಮ ಕಣ್ಣಲ್ಲೇ ನನ್ನನ್ನು ಕೇಳಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಹೊರಗೆ ಡಾಕ್ಟರಮ್ಮ. ಅವರ ಹಿಂದೆ, ಗೋಡೆಗೆ ಕೈ ಕೊಟ್ಟು ಉಸಿರಿಗೆ ಒದ್ದಾಡುತ್ತಿದ್ದ ಹಗ್ಗದ ಮಾವ. ಕೊಟ್ಟ ಮಾತನ್ನು ಅವನಿಂದ ಸಂಜೆ ಕಳೆಯುವವರೆಗೂ ಉಳಿಸಿಕೊಳ್ಳಲಾಗಲಿಲ್ಲ. ತನ್ನ ದಮ್ಮಿನ ಕಥೆಯನ್ನೂ ಸೇರಿಸಿ ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದ.

ಡಾಕ್ಟರಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು. "ಎಲ್ಲಿ ಅವಳು? ನೋವಿದೆಯಾ? ರಕ್ತ ಹೋಗಿದೆಯಾ?"

"ಯಾರಿಗೇನಾಯ್ತು? ಹಸು ಒದೀತಾ?" ಎಂದಳು ಅಮ್ಮ.

"ಬಸುರಿ ಹುಡುಗಿ ಮೈಮೇಲೆ ಬೆದೆ ಮದ್ದು ಚೆಲ್ಕೊಂಡು ಮನೇಲಿ ಮಲಗಿದ್ರೆ ಹೇಗಮ್ಮ? ನೀವು ಹಿರಿಯರು, ನಿಮಗಾದ್ರೂ ಗೊತ್ತಾಗಬಾರದಾ?"

"ಬಸುರಿನಾ? ಯಾರು?" ಎಂದು ಅಮ್ಮ ಮೊದಲು ನೋಡಿದ್ದು ಮದುವೆಯಾಗದ ನನ್ನ ಮುಖ.

ಆಮೇಲೆ ಯಾರೂ ಯಾರಿಗೂ ವಿವರಿಸಲಿಲ್ಲ. ಎಲ್ಲರೂ ಶಾಲೆಯ ವ್ಯಾನು ಹತ್ತಿದೆವು. ಪುಟ್ಟ ಮಕ್ಕಳ ಸೀಟು. ಮೊಣಕಾಲು ಎದೆಗೆ ತಾಗುತ್ತಿತ್ತು. ಅಣ್ಣ ಪ್ರತಿ ಉಬ್ಬಿಗೂ ವ್ಯಾನನ್ನು ನಿಲ್ಲಿಸಿ ನಿಲ್ಲಿಸಿ ದಾಟಿಸಿದ. ಅಮ್ಮ ಅತ್ತಿಗೆಯ ಪಕ್ಕದಲ್ಲಿ ಕುಳಿತಳು.

"ನನಗೂ ಹೇಳಬಾರದು ಅನ್ನೋ ಹಾಗೆ ನಾನೇನು ಮಾಡಿದ್ದೆ ಮಗಳೇ?"

ಅತ್ತಿಗೆ ಕಿಟಕಿಯ ಆಚೆ ನೋಡುತ್ತ ಹೇಳಿದಳು: "ಹೋದ ಸಲ ನೀವು ಅತ್ತುಬಿಟ್ರಿ ಅತ್ತೆ. ನಾನು ಅಳೋಕೆ ಮುಂಚೆನೇ ಅತ್ರಿ. ನಿಮ್ಮನ್ನ ಸಮಾಧಾನ ಮಾಡಿ ಮಾಡಿ ನನಗೆ ಅಳೋಕೆ ಪುರುಸೊತ್ತೇ ಸಿಗ್ಲಿಲ್ಲ."

ಅಮ್ಮನ ಕಣ್ಣು ತುಂಬಿತ್ತು. ಅದನ್ನು ಅವಳು ಅಲ್ಲೇ ತಡೆದುಕೊಂಡಳು. ಆ ದಿನಗಳಲ್ಲಿ ಮತ್ತೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ.

ಆಸ್ಪತ್ರೆಯ ಡಾಕ್ಟರು ಇಂಥ ರೋಗಿಯನ್ನು ಹಿಂದೆ ಕಂಡಿರಲಿಲ್ಲ. "ಡೋಸ್ ಎಷ್ಟು?" ಎಂದರು. "ಒಂದು ಹಸುವಿನದು" ಎಂದರು ನಮ್ಮ ಡಾಕ್ಟರಮ್ಮ. "ಅದರಲ್ಲಿ ಇವರ ಮೈಗೆ ಹೋಗಿದ್ದು?" ಯಾರಿಗೂ ಗೊತ್ತಿರಲಿಲ್ಲ. ಅರ್ಧ ಮಹಾರಾಣಿಗೆ ಹೋಗಿರಬಹುದು, ಉಳಿದದ್ದು ಚಿಮ್ಮಿರಬಹುದು, ಒಂದಿಷ್ಟು ನೆಲಕ್ಕೆ ಬಿದ್ದಿರಬಹುದು. ಮನುಷ್ಯರ ಡಾಕ್ಟರೂ ದನಗಳ ಡಾಕ್ಟರೂ ಮೂಲೆಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಮದ್ದು ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಆದರೆ ಗರ್ಭಕೋಶವನ್ನು ಹಿಂಡಲು ಶುರು ಮಾಡಿದ್ದರೆ ಅದು ಆಮೇಲೆ ತಿಳಿಯುತ್ತದೆ. ಸ್ಕ್ಯಾನಿನಲ್ಲಿ ಮಗು ಇತ್ತು. "ಈಗ ಸರಿಯಾಗಿದೆ. ಹಾಸಿಗೆ ಬಿಟ್ಟು ಏಳಬೇಡಿ. ನೋವು, ರಕ್ತ ಏನಾದರೂ ಕಂಡರೆ ತಕ್ಷಣ ಬನ್ನಿ. ನೋಡೋಣ" ಎಂದರು. ನೋಡೋಣ ಎಂಬ ಮಾತು ಅಷ್ಟು ಭಯಂಕರವಾದದ್ದೆಂದು ನನಗೆ ಅದುವರೆಗೂ ತಿಳಿದಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಮಲಗಿದಳು, ನಾವು ಕಾದೆವು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಚಿಕ್ಕಮ್ಮ ವ್ಯಾನು ಹೊತ್ತಲ್ಲದ ಹೊತ್ತಿಗೆ ಹೋದದ್ದನ್ನು ನೋಡಿದ್ದಳು, ಬೆಳಿಗ್ಗೆಯೇ ಬಂದಳು. ಅಮ್ಮ ಗೇಟಿಗೆ ಅಡ್ಡ ನಿಂತು, "ಸೊಸೆಗೆ ಕಣ್ಣು ಬೇನೆ. ಒಳಗೆ ಬಂದ್ರೆ ನಿಂಗೂ ಅಂಟುತ್ತೆ, ಆಮೇಲೆ ಬಟ್ಟೆ ಯಾವುದು ಇಸ್ತ್ರಿ ಪೆಟ್ಟಿಗೆ ಯಾವುದು ಗೊತ್ತಾಗಲ್ಲ" ಎಂದು ಕಳಿಸಿದಳು. ಬೀದಿಯಲ್ಲಿ ಯಾರೂ ಎರಡು ದಿನ ನಮ್ಮ ಮನೆಯ ಕಡೆ ನೇರ ನೋಡಲೂ ಇಲ್ಲ.

ಒಳಗೆ ನನಗೊಂದು ಕೆಲಸ ಬಿದ್ದಿತ್ತು. ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಅತ್ತಿಗೆ ಬಟ್ಟೆಯನ್ನು ತಾನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತು, "ನೀನೇ ನೋಡೇ" ಎನ್ನುತ್ತಿದ್ದಳು. ಎಷ್ಟೋ ಹಸುಗಳ ಗರ್ಭಕ್ಕೆ ಭುಜದವರೆಗೂ ಕೈ ಹಾಕಿದವಳು ಅವಳು. "ಏನೂ ಇಲ್ಲ ಅತ್ತಿಗೆ" ಎಂದು ನಾನು ಹೇಳಿದ ಮೇಲೆ ಗೋಡೆ ಹಿಡಿದುಕೊಂಡು ಮಂಚಕ್ಕೆ ಹೋಗುತ್ತಿದ್ದಳು. ಹೊಟ್ಟೆಯಲ್ಲಿ ಗಾಳಿ ಆಡಿದರೂ ನನ್ನ ಕೈ ಹಿಸುಕುತ್ತಿದ್ದಳು.

ಮೂರನೆಯ ಬೆಳಿಗ್ಗೆ ಬಟ್ಟೆಯ ಮೇಲೆ ಉಗುರಿನಷ್ಟು ಕಂದು ಕಲೆ ಇತ್ತು.

ನಾನು ಬಾಯಿ ತೆರೆಯುವ ಮೊದಲೇ, ನಾನು ಮಾತಾಡದೆ ನಿಂತದ್ದರಿಂದಲೇ ಅವಳಿಗೆ ತಿಳಿಯಿತು. "ಮೂರನೇ ದಿನ. ಆ ಕಂದು ಹಸೂಗೂ ಮೂರನೇ ದಿನಾನೇ" ಎಂದಳು. ಅಷ್ಟೇ. ಅಣ್ಣ ಮಕ್ಕಳನ್ನು ಹತ್ತಿಸಿಕೊಳ್ಳಲು ಹೋಗಿದ್ದವನು ಅರ್ಧ ದಾರಿಯಿಂದ ಬಂದ. ವ್ಯಾನಿನಲ್ಲಿ ಆಗಲೇ ನಾಲ್ಕು ಮಕ್ಕಳಿದ್ದವು, ಅವನ್ನು ಶಾಲೆಯ ಮುಂದೆ ಇಳಿಸುವಾಗ ಒಂದು ಮಗು, "ಈ ಆಂಟಿಗೆ ಜ್ವರನಾ?" ಎಂದು ಕೇಳಿತು.

ಸ್ಕ್ಯಾನಿಂಗ್ ಕೋಣೆಯಲ್ಲಿ ಅಮ್ಮನನ್ನೂ ನನ್ನನ್ನೂ ನಿಲ್ಲಲು ಬಿಟ್ಟರು. ಯಂತ್ರ ನೋಡುವ ಡಾಕ್ಟರು ಹೊಟ್ಟೆಯ ಮೇಲೆ ಅದನ್ನು ಆಡಿಸಿದರು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ಪರದೆ ನಮಗೆ ಕಾಣುತ್ತಿರಲಿಲ್ಲ. ಅವರ ಮುಖ ಮಾತ್ರ ಕಾಣುತ್ತಿತ್ತು. ಅದರಲ್ಲಿ ಓದಿಕೊಳ್ಳಲು ಏನೂ ಇರಲಿಲ್ಲ. ಅತ್ತಿಗೆ ಚಾವಣಿಯಲ್ಲಿ ಯಾವುದೋ ಒಂದು ಬಿಂದುವನ್ನು ನೋಡುತ್ತಿದ್ದಳು. ಅವರು ಒಂದು ಗುಂಡಿ ಒತ್ತಿದರು. ಕೋಣೆಯ ತುಂಬ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಂಥ ಸದ್ದು.

"ಮಿಷನ್ ಕೆಟ್ಟಿದೆಯಾ?" ಎಂದಳು ಅಮ್ಮ.

"ಮಗುವಿನ ಎದೆ ಬಡಿತ ಅಮ್ಮ."

"ಅದು ನಂದಿರಬೇಕು" ಎಂದಳು ಅತ್ತಿಗೆ. "ಬೆಳಗಿಂದ ನನ್ನೆದೆ ಹೀಗೇ ಹೊಡ್ಕೊಳ್ತಾ ಇದೆ."

"ನಿಮ್ಮದು ಇಷ್ಟು ಬೇಗ ಹೊಡೆದರೆ ನೀವು ಇಲ್ಲಿ ಮಲಗಿರಲ್ಲ, ಬೇರೆ ವಾರ್ಡಲ್ಲಿ ಇರ್ತೀರಾ."

ಅತ್ತಿಗೆ ನಗಲಿಲ್ಲ. "ಇನ್ನೊಂದ್ಸಲ ಕೇಳ್ಸಿ" ಎಂದಳು. ಅವರು ಕೇಳಿಸಿದರು. "ಈಗ ಇದೆ. ನಾಳೆ?" ಎಂದು ಕೇಳಿದಳು. ನಾಳೆಯ ಮಾತನ್ನು ಯಾವ ತಾಯಿಗೂ ತಮ್ಮಿಂದ ಹೇಳಲಾಗುವುದಿಲ್ಲ, ಕಲೆ ಹೆಚ್ಚಾದರೆ ಬನ್ನಿ, ಹೆಚ್ಚಾಗದಿದ್ದರೆ ಮುಂದಿನ ವಾರ ಬನ್ನಿ ಎಂದರು ಅವರು.

ಮಗು ಉಳಿಯಿತು. ಆದರೆ ಅದು ನಮಗೆ ತಿಳಿದದ್ದು ಆರು ತಿಂಗಳ ಮೇಲೆ, ಅದು ಅತ್ತಾಗ. ಅವತ್ತು ನಮ್ಮ ಬಳಿ ಇದ್ದದ್ದು ಆ ಸದ್ದೊಂದೇ.

ಹೊರಗೆ ಉದ್ದನೆಯ ಬೆಂಚಿನ ಮೇಲೆ ಇಸ್ತ್ರಿ ಅಂಗಡಿಯ ಚಿಕ್ಕಮ್ಮ ತನ್ನ ಮೊಣಕಾಲಿನ ನೋವಿಗೆ ಚೀಟಿ ಹಿಡಿದು ಕುಳಿತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ಅತ್ತಿಗೆಯ ಕಣ್ಣುಗಳನ್ನೇ ನೋಡಿದಳು. ಅವು ಕೆಂಪಗೇನೂ ಇರಲಿಲ್ಲ. ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತಿಗೆ ಅವಳ ತೋಳು ಹಿಡಿದು ತಡೆದಳು.

"ಮೂರು ತಿಂಗಳು ಚಿಕ್ಕಮ್ಮ. ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ನನಗೆ ತುಂಬಾ ಹೆದರಿಕೆ ಆಗ್ತಿದೆ. ಸ್ವಲ್ಪ ಹೊತ್ತು ನನ್ನ ಪಕ್ಕ ಕೂತ್ಕೊಳ್ಳಿ."

ಚಿಕ್ಕಮ್ಮ ಪಾಪ ಎನ್ನಲಿಲ್ಲ, ಏನನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು.